ಗೋಣೆಪ್ಪನ ಸರಕಾರಿ ಬದನಿ

ಹಿರೇಬೆಂಡಿಗೇರಿಯ ಗೋಣೆಪ್ಪನ ಬಾಯಿಗೆ ಬಾರದ ಮಾತು ಒಂದೇ ಒಂದು. ಅದು ‘ನನಗ ಗೊತ್ತಿಲ್ಲ’ ಅನ್ನುವುದು. ಯಾರು ಏನೇ ಕೇಳಲಿ, ಉತ್ತರ ಕೊಡದೆ ಕಳಿಸಿದರೆ ಮನೆತನದ ಮರ್ಯಾದೆ ಹೋಗುತ್ತದೆ ಎಂದು ಅವನು ನಂಬಿದ್ದ. ಒಮ್ಮೆ ಬಂಕಾಪುರಕ್ಕೆ ಹೊರಟಿದ್ದ ಬೀಗರ ಬಂಡಿಯೊಂದು ಅವನನ್ನು ದಾರಿ ಕೇಳಿ ಸವಣೂರಿಗೆ ಹೋಗಿ ಮುಟ್ಟಿತು. ಅವರು ತಿರುಗಿ ಜಗಳಕ್ಕೆ ಬಂದಾಗ, ಮದುವೆಗೆ ವೀಳ್ಯದೆಲೆ ತರಲು ಹೇಗೂ ಸವಣೂರಿಗೆ ಹೋಗಲೇಬೇಕಿತ್ತಲ್ಲ ಎಂದು ಅವರಿಗೇ ತಿಳಿಹೇಳಿ ಕಳಿಸಿದ.

ಅವನ ಕಸುಬು ಅಗಿ ಮಾರುವುದು, ಅಂದರೆ ನೆಡುವ ಎಳೆಯ ಸಸಿಗಳನ್ನು ಬೆಳೆಸಿ ಸಂತೆಗೆ ಒಯ್ಯುವುದು. ಹಳ್ಳದ ದಂಡೆಗೆ ಒಂದೂವರೆ ಎಕರೆ ತೋಟ, ಒಂದು ಭಾವಿ, ಎರಡು ಎಮ್ಮೆ, ಒಂದು ತಿಪ್ಪೆಗುಂಡಿ. ರೋಹಿಣಿ ಮಳೆಗೆ ಮಡಿ ಮಾಡಿ, ವರ್ಷವಿಡೀ ಕೊಳೆತ ಗೊಬ್ಬರವನ್ನು ಜರಡಿ ಹಿಡಿದು ಹಾಕಿ, ಬೀಜ ಚೆಲ್ಲಿ, ಮೇಲೆ ಹುಲ್ಲು ಹೊದಿಸಿಬಿಟ್ಟರೆ ಆರಿದ್ರ ಮಳೆ ಮುಗಿಯುವ ಹೊತ್ತಿಗೆ ಬದನೆ, ಮೆಣಸಿನ ಅಗಿ ಗೇಣುದ್ದ ಎದ್ದು ನಿಲ್ಲುತ್ತಿದ್ದವು. ಬೇರಿಗೆ ಕೆಸರು ಮೆತ್ತಿ, ಮುತ್ತಲ ಎಲೆಯಲ್ಲಿ ಸುತ್ತಿ, ಬಾಳೆನಾರಿನಲ್ಲಿ ಕಟ್ಟಿ ಬುಟ್ಟಿಗೆ ತುಂಬುವುದು. ಪಂಚಮಿ ಹೊತ್ತಿಗೆ ಚೆಂಡುಹೂವಿನ ಅಗಿ, ದಸರೆ ಕಳೆದ ಮೇಲೆ ಉಳ್ಳಾಗಡ್ಡಿ ಅಗಿ. ಹಾನಗಲ್ಲಿನ ಕಡೆಯವರು ಕೂಡ ಮೆಣಸಿನ ಅಗಿಗೆಂದು ಶಿಗ್ಗಾಂವಿ ಸಂತೆಗೆ ಬಂದು ಅವನ ಬುಟ್ಟಿ ಹುಡುಕುತ್ತಿದ್ದರು.

ತೋಟ ಗೋಣೆಪ್ಪನ ಹೆಸರಿನಲ್ಲಿತ್ತು, ಕೆಲಸ ಅವನ ಹೆಂಡತಿ ತಿಪ್ಪವ್ವನ ಕೈಯಲ್ಲಿತ್ತು. ಬೀಜ ಆಯುವವಳು, ಬಿತ್ತುವವಳು, ಕಟ್ಟುವವಳು ಅವಳು. ಸಂತೆಯಲ್ಲಿ ಕೂತು ಮಾತಾಡುವವನು ಅವನು. ಒಮ್ಮೆ ಯಾರೋ ಸಾಹೇಬರು ಉಪ್ಪಿನಂಥ ಬಿಳೀ ಗೊಬ್ಬರದ ಚೀಲವೊಂದನ್ನು ಪುಕ್ಕಟೆ ಕೊಟ್ಟು ಹೋದರು. ಗೋಣೆಪ್ಪ ಅದರ ಗುಣಗಳನ್ನು ಅರ್ಧ ತಾಸು ವರ್ಣಿಸಿದ. ಮಣ್ಣಿಗೆ ಉಪ್ಪು ತಿನಿಸಿದರೆ ನೀರಡಿಕೆ ಹತ್ತುತ್ತದೆ ಎಂದು ತಿಪ್ಪವ್ವ ಆ ಚೀಲವನ್ನು ದನದ ಕೊಟ್ಟಿಗೆಯ ಬಾಗಿಲು ಬಡಿಯದಂತೆ ಅಡ್ಡ ಇಟ್ಟಳು.

ನಾನು ಹೇಳುತ್ತಿರುವುದು ಯುದ್ಧದ ಕಾಲದ ಮಾತು, ನಲವತ್ಮೂರನೇ ಇಸವಿ. ಕಾಳುಕಡಿ ತುಟ್ಟಿಯಾಗಿ, ಹಿತ್ತಿಲಿದ್ದವರೆಲ್ಲ ಕಾಯಿಪಲ್ಲೆ ಬೆಳೆಯಿರಿ ಎಂದು ಸರಕಾರ ಊರೂರಿಗೆ ಭಾಷಣ ಮಾಡಿಸುತ್ತಿತ್ತು. ಅದೇ ವರ್ಷ ತಂಬಾಕಿನ ಮೇಲೆ ಹೊಸ ಕರ ಬಂದಿತ್ತು. ತಂಬಾಕು ಬೆಳೆಯುವವನು ಮೊದಲು ಕಚೇರಿಯಲ್ಲಿ ಹೆಸರು ಬರೆಸಬೇಕು. ಬರೆಸದೆ ಬೆಳೆದರೆ ದಂಡ, ಸಾಹೇಬರ ಸಿಟ್ಟು ಹೆಚ್ಚಾದರೆ ಜೇಲು. ಕಾಯಿಪಲ್ಲೆ ಬೆಳೆದವನಿಗೆ ಶಹಬಾಸಗಿರಿ, ತಂಬಾಕು ಬೆಳೆದವನಿಗೆ ತಪಾಸಣೆ. ಗೋಣೆಪ್ಪ ಇವೆರಡರ ನಡುವೆ ಸಿಕ್ಕಿದ್ದು ಹೀಗೆ.

ಆ ವರ್ಷ ಬೇಸಿಗೆಯ ಕೊನೆಗೆ ತಿಪ್ಪವ್ವ ತಂಗಿಯ ಬಾಣಂತನಕ್ಕೆಂದು ಹಿರೇಕೆರೂರು ಕಡೆಯ ತವರಿಗೆ ಹೋದಳು. ಹೋಗುವಾಗ, ಬದನೆ ಬೀಜವನ್ನು ಹುಳ ಹಿಡಿಯದಂತೆ ಬೂದಿಯಲ್ಲಿ ಕಲೆಸಿ, ಅರಿವೆಯಲ್ಲಿ ಗಂಟು ಕಟ್ಟಿ ಅಡುಗೆಮನೆಯ ಜಂತಿಗೆ ತೂಗುಹಾಕಿದ್ದೇನೆ, ರೋಹಿಣಿ ಹನಿ ಬಿದ್ದ ಮೇಲೆ ಬಿತ್ತಿರಿ ಎಂದು ಎರಡೆರಡು ಸಲ ಹೇಳಿದಳು. ಇಪ್ಪತ್ತು ವರ್ಷದಿಂದ ನೋಡಿದವನಿಗೆ ಇದನ್ನೂ ಹೇಳಬೇಕೇ ಎಂದು ಗೋಣೆಪ್ಪ ಮುನಿಸಿಕೊಂಡ. ನೋಡಿದ್ದನ್ನು ಬಿಟ್ಟರೆ ಆ ಇಪ್ಪತ್ತು ವರ್ಷದಲ್ಲಿ ಅವನು ಬೇರೇನೂ ಮಾಡಿರಲಿಲ್ಲ. ಈಚೆಗಂತೂ ಹತ್ತಿರದ್ದು ನೋಡಲಿಕ್ಕೂ ಕಣ್ಣು ಮಂಜಾಗಿತ್ತು. ಚಾಳೀಸು ಹಾಕಿದರೆ ಜನ ಮುದುಕ ಅನ್ನುತ್ತಾರೆಂದು ಅವನು ಅದರ ಮಾತನ್ನೇ ತೆಗೆಯಗೊಡುತ್ತಿರಲಿಲ್ಲ.

ನಾಲ್ಕು ದಿನಕ್ಕೆ ಸವಣೂರಿನ ಉಸ್ಮಾನಸಾಬ ಬಂದ. ವೀಳ್ಯದೆಲೆ ವ್ಯಾಪಾರದವನು, ಗೋಣೆಪ್ಪನ ಹಳೆಯ ಗೆಳೆಯ. ಅವನ ಕೈಯಲ್ಲೂ ಒಂದು ಗಂಟು. ಬಂಕಾಪುರದ ತನ್ನ ಮಾವ ಈ ವರ್ಷ ಹೊಸದಾಗಿ ತಂಬಾಕು ಬೆಳೆಯುವ ಹುರುಪಿನಲ್ಲಿದ್ದಾನೆ, ಕಚೇರಿಯಲ್ಲಿ ಹೆಸರನ್ನೂ ಬರೆಸಿದ್ದಾನೆ, ಇದು ಅದರ ಬೀಜ, ರಾಗಿಗಿಂತ ಸಣ್ಣದಾದ್ದರಿಂದ ಬೂದಿಯಲ್ಲಿ ಕಲೆಸಿದೆ, ತಾನೀಗ ಹಾನಗಲ್ಲಿಗೆ ಹೊರಟಿರುವುದರಿಂದ ತಿರುಗಿ ಬರುವವರೆಗೆ ನೆನೆಯದಂತೆ ಇಟ್ಟುಕೊಂಡಿರು ಎಂದ. ಗಂಟು ಇಡುವ ಜಾಗ ಎಲ್ಲಿ ಎಂದು ಗೋಣೆಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನೂ ಅದೇ ಜಂತಿಗೆ ಕಟ್ಟಿದ.

ರೋಹಿಣಿ ಹನಿಯಿತು. ಗೋಣೆಪ್ಪ ಒಂದು ಗಂಟು ಇಳಿಸಿ ಬಿಚ್ಚಿ ನೋಡಿದ. ಬೂದಿ ಕಂಡಿತು. ತಿಪ್ಪವ್ವ ಹೇಳಿದ್ದೂ ಬೂದಿ ಎಂದೇ. ಸಮಾಧಾನವಾಗಿ ಬಿತ್ತಿದ. ಮೂರು ದಿನದ ಮೇಲೆ ಉಸ್ಮಾನಸಾಬ ಬಂದು, ಜಂತಿಯಲ್ಲಿ ಉಳಿದಿದ್ದ ಒಂದೇ ಗಂಟನ್ನು ತಾನೇ ಬಿಚ್ಚಿಕೊಂಡು, ಉಪಕಾರ ನೆನೆದು ಬಂಕಾಪುರಕ್ಕೆ ಹೋದ.

ಅಗಿ ಎದ್ದವು. ಎಲೆ ಅಗಲ, ಬಣ್ಣ ತಿಳಿಹಸಿರು, ಮುಳ್ಳಿಲ್ಲ, ಮುಟ್ಟಿದರೆ ಕೈಗೆ ಅಂಟು. ಗೋಣೆಪ್ಪನಿಗೂ ಇದೇನೋ ಬೇರೆ ಅನ್ನಿಸಿತು. ಆದರೆ ತಾನು ಸ್ವತಃ ಬಿತ್ತಿದ್ದಕ್ಕೆ ಬೆಳೆ ಇಷ್ಟು ಸೊಂಪಾಗಿದೆ ಎಂದು ತಿಳಿದುಕೊಂಡ. ಪಕ್ಕದ ತೋಟದ ಮುದುಕಿ ಹುಚ್ಚವ್ವ ಬೇಲಿಯ ಮೇಲಿಂದ ಬಹಳ ಹೊತ್ತು ನೋಡಿ, ಇದೇನಪ್ಪಾ ಎಂದು ಕೇಳಿದಳು. ಬದನಿ ಅಂದ. ಐವತ್ತು ವರ್ಷದಿಂದ ತಂಬಾಕು ಜಗಿಯುತ್ತ ಬಂದಿದ್ದ ಹುಚ್ಚವ್ವ, ದವಡೆಯಲ್ಲಿದ್ದುದನ್ನು ಎಡದಿಂದ ಬಲಕ್ಕೆ ಸರಿಸಿ, ಹೌದಪ್ಪಾ, ಬದನಿನ ಅಂದಳು. ಮರುದಿನದಿಂದ ಅವಳು ಕರೆಯದೇ ಬಂದು ಅವನ ಮಡಿಯ ಕಳೆ ತೆಗೆದುಕೊಡತೊಡಗಿದಳು. ನೆರೆಯವರೆಂದರೆ ಹೀಗಿರಬೇಕು ಎಂದು ಗೋಣೆಪ್ಪ ಕಂಡವರ ಮುಂದೆಲ್ಲ ಹೇಳಿದ.

ಶಿಗ್ಗಾಂವಿ ಸಂತೆಯಲ್ಲಿ ಬುಟ್ಟಿ ಇಳಿಸಿದ ಕೂಡಲೆ ಹಾನಗಲ್ ಕಡೆಯ ರೈತನೊಬ್ಬ ಒಂದು ಕಟ್ಟು ಎತ್ತಿ, ಮೂಸಿ, ಗೋಣೆಪ್ಪನ ಮುಖ ನೋಡಿದ. ಅವನು ಬಾಯಿ ತೆರೆಯುವುದರೊಳಗೆ ಶಾಲೆಯ ಚನ್ನವೀರಪ್ಪ ಮಾಸ್ತರರು ಬಂದರು. ಅವರು ಭಾಷಣಗಳನ್ನೆಲ್ಲ ಕೇಳಿ, ಶಾಲೆಯ ಹಿತ್ತಿಲಲ್ಲಿ ಕಾಯಿಪಲ್ಲೆ ಬೆಳೆಸಲೇಬೇಕೆಂದು ಪಣ ತೊಟ್ಟಿದ್ದರು.

“ಗೋಣೆಪ್ಪಾ, ಇದು ಯಾವ ಬದನಿಯೋ? ಮುಳ್ಳಿಲ್ಲ, ಬಣ್ಣಿಲ್ಲ.”

ಗೊತ್ತಿಲ್ಲ ಅಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಗೋಣೆಪ್ಪ ರುಮಾಲು ಸರಿಮಾಡಿಕೊಂಡ.

“ಸರಕಾರಿ ಬದನಿರಿ, ಮಾಸ್ತರ್ರ.”

ಒಂದು ಮಾತು ಹೊರಬಿದ್ದ ಮೇಲೆ ಉಳಿದವು ತಾವಾಗಿ ಬಂದವು. ಇದು ಪುಣೆಯಿಂದ ಬಂದದ್ದು, ಹೆಣ್ಣುಮಕ್ಕಳ ಕೈಗೆ ಚುಚ್ಚಬಾರದೆಂದು ಮುಳ್ಳು ತೆಗೆಸಿದ್ದಾರೆ, ಎಲೆ ಅಗಲವಾದಷ್ಟು ಕಾಯಿ ದೊಡ್ಡದು ಎಂದೆಲ್ಲ ಹೇಳಿದ. ಹಾನಗಲ್ ಕಡೆಯ ರೈತ ಕೈಯಲ್ಲಿದ್ದ ಕಟ್ಟನ್ನು ಮೆಲ್ಲಗೆ ಕೆಳಗಿಟ್ಟ. ಸರಕಾರವೇ ಇದನ್ನು ಬದನಿ ಅಂದ ಮೇಲೆ ತಾನು ಯಾಕೆ ನಡುವೆ ಬಾಯಿ ಹಾಕಬೇಕು ಎಂದು ಮೆಣಸಿನ ಅಗಿ ಕೊಂಡು ಹೋದ. ಅವತ್ತು ರೈತರ್ಯಾರೂ ಆ ಬದನೆ ಕೊಳ್ಳಲಿಲ್ಲ. ಆದರೆ ಮಾಸ್ತರರು, ಕಾರಕೂನರು, ಪೋಸ್ಟಿನವರು, ಪೊಲೀಸ ಪೌಜದಾರರ ಮನೆಯವರು, ಹೀಗೆ ಮಣ್ಣನ್ನು ಬರೀ ಚಪ್ಪಲಿಯಿಂದ ಬಲ್ಲವರೆಲ್ಲ ಮುಗಿಬಿದ್ದರು. ಮಧ್ಯಾಹ್ನಕ್ಕೆ ಬುಟ್ಟಿ ಖಾಲಿ. ಮುಂದಿನ ಸಂತೆಗೆ ಮಾಮಲೇದಾರರ ಹೆಂಡತಿ ಸಿಪಾಯಿಯನ್ನು ಕಳಿಸಿ ಐವತ್ತು ಅಗಿ ತರಿಸಿಕೊಂಡರು.

ಮಾಮಲೇದಾರರು ತಾಲೂಕಿನ ದೊಡ್ಡ ಸಾಹೇಬರು. ಒಳ್ಳೆಯವರು, ಸ್ವಲ್ಪ ಅಂಜುಬುರುಕರು. ಸಂಜೆ ಕಚೇರಿಯಿಂದ ಬಂದು ಬಂಗಲೆಯ ಅಂಗಳದಲ್ಲಿ ಸರಕಾರಿ ಬದನೆಯ ಸಾಲು ನೋಡಿ ಅವರಿಗೆ ಚಳಿ ಬಂತು. ಸರಕಾರ ಹೊಸ ಬದನೆ ಹೊರಡಿಸಿದೆ, ಅದರ ಕಾಗದ ತನಗೆ ಬಂದಿಲ್ಲ. ಅಥವಾ ಬಂದಿದೆ, ತಾನು ಓದಿಲ್ಲ. ಕಾರಕೂನ ಮೂರು ದಿನ ದಫ್ತರ ಜಾಲಾಡಿದ. ಹತ್ತು ವರ್ಷದಿಂದ ಕಳೆದಿದ್ದ ಎರಡು ಕಾಗದ ಸಿಕ್ಕವು, ಬದನೆ ಸಿಗಲಿಲ್ಲ. ಕೊನೆಗೆ ಅವನು ಒಂದು ಉಪಾಯ ಹೇಳಿದ: ಕಾಗದ ಎಲ್ಲಿ ಎಂದು ಮೇಲಿನವರನ್ನು ಕೇಳಿದರೆ ನಮ್ಮ ತಪ್ಪು ನಾವೇ ಒಪ್ಪಿಕೊಂಡ ಹಾಗೆ. ಅದರ ಬದಲು, ಸರಕಾರಿ ಬದನೆ ನಮ್ಮ ತಾಲೂಕಿನಲ್ಲಿ ಹುಲುಸಾಗಿ ಬೆಳೆಯುತ್ತಿದೆ ಎಂದು ವರದಿ ಬರೆದುಬಿಡೋಣ. ಬರೆದರು. ಜಿಲ್ಲೆಯವರಿಗೂ ಈ ಬದನೆಯ ಸುದ್ದಿ ಗೊತ್ತಿರಲಿಲ್ಲ. ಅದಕ್ಕೂ ಮೇಲಿನವರಿಂದ ಬಂದದ್ದಿರಬೇಕು ಎಂದು ಅವರೂ ಅಂಜಿ, ಬಹಳ ಸಂತೋಷವಾಯಿತು, ದಸರೆಯ ಹೊತ್ತಿಗೆ ನೋಡಲಿಕ್ಕೆ ಒಂದು ಬುಟ್ಟಿ ಕಾಯಿ, ಬೀಜಕ್ಕೆಂದು ಒಂದು ಬುಟ್ಟಿ ಹಣ್ಣು ಕಳಿಸಿರಿ ಎಂದು ಉತ್ತರ ಬರೆದರು.

ಗಿಡಗಳು ಮೊಣಕಾಲು ದಾಟಿದವು. ಕಾಯಿಯ ಸುಳಿವಿಲ್ಲ. ಮಾಮಲೇದಾರರ ಹೆಂಡತಿ ಬಾಯಿಸಾಹೇಬರು ಗೋಣೆಪ್ಪನನ್ನು ಕರೆಸಿ, ಕಾಯಿ ಯಾವಾಗ ಎಂದು ಕೇಳಿದರು.

“ಸರಕಾರಿ ಕೆಲಸರೀ ಅವ್ವಾರ, ಸ್ವಲ್ಪ ತಡಾ ಆಗೂದ.”

ಈ ಮಾತು ಅವರಿಗೆ ಪೂರ್ತಿ ಒಪ್ಪಿಗೆಯಾಯಿತು. ಅವರ ಗಂಡ ಮನೆಯಲ್ಲಿ ದಿನಾಲೂ ಹೇಳುತ್ತಿದ್ದದ್ದೂ ಅದನ್ನೇ.

ಚೌತಿ ಕಳೆದ ಮೂರನೇ ದಿನ ತಿಪ್ಪವ್ವ ತವರಿನಿಂದ ತಿರುಗಿ ಬಂದಳು. ಬಂಡಿ ಇಳಿದವಳು ಮನೆಯೊಳಗೆ ಹೋಗುವ ಮೊದಲು ತೋಟಕ್ಕೆ ಹೋದಳು. ಮಾರಿ ಉಳಿದ ಅಗಿಯನ್ನು ಗೋಣೆಪ್ಪ ಭಾವಿಯ ಪಕ್ಕ ಒಂದು ಸಾಲು ಹಚ್ಚಿದ್ದ. ಅವಳು ಒಂದು ಎಲೆ ಮುರಿದು ಬೆರಳಿನಿಂದ ತಿಕ್ಕಿ ಮೂಸಿದಳು. ಆಮೇಲೆ ಅಲ್ಲೇ ಭಾವಿಯ ಕಟ್ಟೆಯ ಮೇಲೆ ಕೂತಳು. ಅಷ್ಟರಲ್ಲಿ ಉಸ್ಮಾನಸಾಬನೂ ಬೆವರೊರೆಸಿಕೊಳ್ಳುತ್ತ ಬಂದ.

“ಗೋಣೆಪ್ಪಣ್ಣ, ನಮ್ಮ ಮಾವನ ತಂಬಾಕಕ್ಕ ಮುಳ್ಳು ಬಂದಾವು. ಕಾಯೀನೂ ಬಿಟ್ಟಾವು.”

ಮಾವನಿಗೆ ಮೊದಲೇ ಸಂಶಯವಿತ್ತಂತೆ. ಆದರೆ ಕಚೇರಿಯ ಪುಸ್ತಕದಲ್ಲಿ ತಂಬಾಕು ಎಂದು ಬರೆಸಿಬಿಟ್ಟ ಮೇಲೆ ಗಿಡ ಬೇರೆ ಹೇಗಾದೀತು ಎಂದು ತಡೆದುಕೊಂಡಿದ್ದನಂತೆ. ಈಗ ಅವರ ಮನೆಯಲ್ಲಿ ಹದಿನೈದು ದಿನದಿಂದ ಎರಡು ಹೊತ್ತೂ ಬದನೆಕಾಯಿ ಎಣಗಾಯಿ. ಇವತ್ತೋ ನಾಳೆಯೋ ತಂಬಾಕಿನ ಸಾಹೇಬ ತಪಾಸಣೆಗೆ ಬರುವವನಿದ್ದಾನೆ.

ತಿಪ್ಪವ್ವ ಗಂಡನ ಕಡೆ ನೋಡಿದಳು. ಎಷ್ಟು ಮಂದಿಗೆ ಕೊಟ್ಟಿರಿ ಎಂದು ಕೇಳಿದಳು. ನಲವತ್ತೆರಡು ಮನೆ ಅಂದ. ಯಾರ‍್ಯಾರಿಗೆ ಎಂದು ಕೇಳಿದಳು. ಅವನು ಹೇಳುತ್ತ ಹೋದ. ಮಾಮಲೇದಾರರ ಹೆಸರು ಬಂದಾಗ ಉಸ್ಮಾನಸಾಬ ತಾನು ಆಮೇಲೆ ಬರುವುದಾಗಿ ಹೇಳಿ ಎದ್ದ. ತಿಪ್ಪವ್ವ ಅವನನ್ನು ಕೂಡ್ರಿಸಿದಳು.

“ಈಗಿಂದೀಗ ಹೋಗಿ ಇದ್ದದ್ದು ಇದ್ದ ಹಂಗ ಹೇಳಿ ಬರ್ರಿ. ಜೇಲಿಗೆ ಹೋಗೂದಿದ್ರ ನೀವೊಬ್ರ ಹೋಗ್ರಿ. ನಲವತ್ತೆರಡು ಮನಿ ಕರಕೊಂಡು ಹೋಗಬ್ಯಾಡ್ರಿ.”

ಗೋಣೆಪ್ಪ ಹೋದ. ಮೊದಲು ಚನ್ನವೀರಪ್ಪ ಮಾಸ್ತರರಲ್ಲಿಗೆ. ಅವರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ‘ಬದನೆಯ ಉಪಯೋಗಗಳು’ ಎಂಬ ಪಾಠ ಹೇಳುತ್ತಿದ್ದರು. ವಿದ್ಯೆಯ ನಡುವೆ ಮಾತಾಡುವುದು ಸರಿಯಲ್ಲ ಎಂದು ಮುಂದೆ ನಡೆದ. ಬಂಗಲೆಯಲ್ಲಿ ಮಾಮಲೇದಾರರು ಅವನನ್ನು ನೋಡಿದ ಕೂಡಲೆ ಜಿಲ್ಲೆಯ ಕಾಗದ ಓದಿ ತೋರಿಸಿ, ದಸರೆಯ ದಿವಸ ಕಚೇರಿಯ ಮುಂದೆ ನಾಲ್ಕು ಮಂದಿಯ ಎದುರಿಗೆ ಅವನಿಗೆ ಜರಿಯ ರುಮಾಲು ಸುತ್ತುವುದೆಂದು ಹೇಳಿದರು. ಬಾಯಿಸಾಹೇಬರು ಒಂದು ತಾಟು ಅವಲಕ್ಕಿ ಕೊಟ್ಟರು. ಬಾಯಲ್ಲಿ ಅವರ ಮನೆಯ ಅವಲಕ್ಕಿ ಇರುವಾಗ ಅವರ ಮನೆಗೇ ಜೇಲಿನ ಸುದ್ದಿ ಹೇಳುವುದು ಗೋಣೆಪ್ಪನಿಗೆ ಧರ್ಮವಾಗಿ ಕಾಣಲಿಲ್ಲ. ತಾಟು ಖಾಲಿಯಾಗುವಷ್ಟರಲ್ಲಿ ಧೈರ್ಯವೂ ಖಾಲಿಯಾಗಿತ್ತು. ಅವನು ಕೈತೊಳೆದು, ನಮಸ್ಕಾರ ಮಾಡಿ, ಬಂದ ದಾರಿ ಹಿಡಿದ.

ಅವತ್ತೇ ಸಂಜೆ ತಂಬಾಕಿನ ಸಾಹೇಬ ಬಂಕಾಪುರದಿಂದ ಬಂದು ಮಾಮಲೇದಾರರ ಬಂಗಲೆಯಲ್ಲಿ ಇಳಿದ. ಬೆಳಗಾವಿ ಕಡೆಯ ಎಳೆಯ ಮನುಷ್ಯ, ನೌಕರಿ ಹೊಸದು. ಬಂಕಾಪುರದ ಅನುಭವದಿಂದ ಅವನ ತಲೆ ಮೊದಲೇ ತಿರುಗಿತ್ತು. ತಂಬಾಕು ಬೆಳೆಯುತ್ತೇನೆಂದು ಹೆಸರು ಬರೆಸಿದ ಒಬ್ಬ ರೈತನ ಹೊಲದಲ್ಲಿ ಬರೀ ಬದನೆ ಇತ್ತು. ತಾನು ಬಿತ್ತಿದ್ದು ತಂಬಾಕನ್ನೇ ಎಂದು ಆ ರೈತ ಆಣೆ ಮಾಡಿ ಹೇಳಿ, ಬುಟ್ಟಿ ತುಂಬ ಬದನೆಕಾಯಿ ಕೊಟ್ಟು ಕಳಿಸಿದ್ದ.

ಬೆಳಿಗ್ಗೆ ಎದ್ದು ಬೇವಿನಕಡ್ಡಿ ಬಾಯಲ್ಲಿಟ್ಟು ಬಂಗಲೆಯ ಅಂಗಳಕ್ಕೆ ಬಂದ. ಎದುರಿಗೆ ಆಳೆತ್ತರದ ಐವತ್ತು ತಂಬಾಕಿನ ಗಿಡ. ಬಾಯಿಸಾಹೇಬರು ಪ್ರೀತಿಯಿಂದ ನೀರು ಹಾಕುತ್ತಿದ್ದರು. ಅವನು ಕಡ್ಡಿ ಜಗಿಯುವುದನ್ನು ನಿಲ್ಲಿಸಿದ. ಇದ್ಯಾವ ಗಿಡ ಎಂದು ಕೇಳಿದ. ಸರಕಾರಿ ಬದನಿ ಅಂದರು. ಆತಿಥ್ಯ ಮಾಡಿದ ಮನೆ, ಮೇಲಾಗಿ ದೊಡ್ಡ ಸಾಹೇಬರ ಮನೆ. ಏನೂ ಅನ್ನದೆ ಬೀದಿಗೆ ಇಳಿದ. ಕಾರಕೂನನ ಹಿತ್ತಿಲಲ್ಲಿ ತಂಬಾಕು. ಪೋಸ್ಟಿನ ಹಿಂದೆ ತಂಬಾಕು. ಪೌಜದಾರರ ಮನೆಯ ಮುಂದೆ ತಂಬಾಕು, ಅದಕ್ಕೆ ಒಬ್ಬ ಸಿಪಾಯಿ ಕಾವಲು. ಶಾಲೆಯಲ್ಲಿ ಮಾಸ್ತರರು ಅವನನ್ನು ಒಳಗೆ ಕರೆದು, ಗಿಡದ ಪಕ್ಕ ನಿಂತು, ಈ ಮಕ್ಕಳ ಕೈಯಾರೆ ಬೆಳೆಸಿದ್ದು ಎಂದು ಅಭಿಮಾನದಿಂದ ಹೇಳಿದರು.

ತಿರುಗಿ ಬಂದವನೇ ಅವನು ಪಂಚನಾಮೆ ಮಾಡಬೇಕೆಂದ. ಪಂಚರಾಗಿ ಮಾಸ್ತರರನ್ನೂ ಕಾರಕೂನನನ್ನೂ ಕರೆಸಿದರು. ಇದು ತಂಬಾಕು ಎಂದು ಬರೆದಿದ್ದೇನೆ, ಸಹಿ ಹಾಕಿರಿ ಎಂದಾಗ ಇಬ್ಬರೂ ಲೇಖಣಿ ಕೆಳಗಿಟ್ಟರು. ತಮ್ಮ ತಮ್ಮ ಹಿತ್ತಿಲು ಅವರ ಕಣ್ಣ ಮುಂದೆ ಬಂದಿತ್ತು. ಮಾಮಲೇದಾರರು ಜಿಲ್ಲೆಯ ಕಾಗದ ತಂದು ಮೇಜಿನ ಮೇಲಿಟ್ಟು, ಸರಕಾರ ಬರವಣಿಗೆಯಲ್ಲಿ ಬದನೆ ಅಂದಿದೆ, ನಿಮ್ಮ ಹತ್ತಿರ ಬರವಣಿಗೆಯಲ್ಲಿ ಏನಿದೆ ಎಂದು ಕೇಳಿದರು. ಸಾಹೇಬನ ಹತ್ತಿರ ಕಾಯಿದೆಯ ಪುಸ್ತಕವಿತ್ತು. ಅವನು ಅದನ್ನು ಕಾಗದದ ಪಕ್ಕದಲ್ಲಿಟ್ಟು, ಹಾಗಾದರೆ ಒಂದೇ ಒಂದು ಕಾಯಿ ತೋರಿಸಿರಿ ಅಂದ. ಗೋಣೆಪ್ಪನನ್ನು ಕರೆತರಲು ಸಿಪಾಯಿ ಓಡಿದ. ಅವನಿಗೆ ಬಹಳ ದೂರ ಹೋಗುವ ಕೆಲಸ ಬೀಳಲಿಲ್ಲ. ತಿಪ್ಪವ್ವ ಗಂಡನನ್ನು ಮುಂದೆ ಹಾಕಿಕೊಂಡು, ಹಿಂದಿನಿಂದ ಉಸ್ಮಾನಸಾಬನನ್ನೂ ಕರೆದುಕೊಂಡು ಆಗಲೇ ಊರ ಅಗಸಿ ಬಾಗಿಲಿಗೆ ಬಂದಿದ್ದಳು.

ಅಂಗಳದಲ್ಲಿ ಮಾಮಲೇದಾರರು ಗೋಣೆಪ್ಪನನ್ನು ಬಹಳ ಮೃದುವಾಗಿ ಮಾತಾಡಿಸಿದರು. ನೋಡಪ್ಪಾ, ಹೆದರಬೇಡ, ಇದು ಬದನೆ ಹೌದೋ ಅಲ್ಲವೋ ಅಷ್ಟೇ ಹೇಳು ಅಂದರು. ಮಾಸ್ತರರು ಹಿಂದಿನಿಂದ ಹೌದೆನ್ನುವಂತೆ ತಲೆ ಆಡಿಸುತ್ತಿದ್ದರು. ಗೋಣೆಪ್ಪ ಅವರನ್ನು ನೋಡಿದ, ಗಿಡ ನೋಡಿದ. ಒಂದು ಮಾತಿಗೆ ಇಡೀ ಊರಿನ ದೊಡ್ಡ ಮನುಷ್ಯರೆಲ್ಲ ತನ್ನ ಪರವಾಗಿ ನಿಲ್ಲುತ್ತಾರೆ. ಮೇಲೆ ಜರಿಯ ರುಮಾಲು ಬೇರೆ. ತಿಪ್ಪವ್ವ ಬಂದು ಅವನ ಪಕ್ಕದಲ್ಲಿ ನಿಂತಳು.

“ತಂಬಾಕರೀ ಸಾಹೇಬ್ರ. ಕಣ್ಣ ಕಾಣಲಿಲ್ಲ, ಗಂಟು ಅದಲಬದಲ ಆತು. ಮಾಸ್ತರ್ರು ಕೇಳಿದಾಗ ತಿಳೀವಲ್ದು ಅನ್ನಾಕ ನಾಚಿಕಿ ಬಂತು, ಸರಕಾರಿ ಅಂದ್ನಿ. ಇವರ‍್ಯಾರದೂ ತಪ್ಪಿಲ್ರಿ. ನನ್ನೊಬ್ಬನ್ನ ಬರಕೋರಿ.”

ಉಸ್ಮಾನಸಾಬ ಬಂಕಾಪುರದ ಮಾವನ ಕತೆ ಹೇಳಿದ. ಅದನ್ನು ಕೇಳುತ್ತ ಕೇಳುತ್ತ ತಂಬಾಕಿನ ಸಾಹೇಬನ ಮುಖದ ಗಂಟು ಸಡಿಲವಾಯಿತು. ತನಗೆ ಹುಚ್ಚು ಹಿಡಿದಿಲ್ಲ ಎಂದು ಅವನಿಗೆ ಎರಡು ದಿನದಲ್ಲಿ ಮೊದಲನೇ ಸಲ ಗೊತ್ತಾಗಿತ್ತು. ಆದರೆ ಮೊಕದ್ದಮೆ ಬರೆಯಲು ಹೋದರೆ ಕಷ್ಟ ಬೇರೆಯೇ ಇತ್ತು. ಬೆಳೆ ಯಾರ ನೆಲದಲ್ಲಿದೆಯೋ ಅವರದೇ ಹೆಸರು ಬರೆಯಬೇಕು. ಮೊದಲನೇ ಹೆಸರು ತಾನು ಉಂಡ ಮನೆಯದು, ಎರಡನೆಯದು ಕಳ್ಳರನ್ನು ಹಿಡಿಯುವ ಪೌಜದಾರರದು, ಕೊನೆಯದು ಮೂರನೇ ಇಯತ್ತೆಯ ಮಕ್ಕಳದು. ಅವನು ಕಾಯಿದೆಯ ಪುಸ್ತಕ ತೆಗೆದು ಬಹಳ ಹೊತ್ತು ಹಾಳೆ ತಿರುವಿದ. ಕೊನೆಗೆ ಒಂದು ಕಡೆ ಬೆರಳಿಟ್ಟು, ಕರ ಇರುವುದು ಒಣಗಿಸಿ ಹದ ಮಾಡಿದ ತಂಬಾಕಿಗೆ ಎಂದು ಇಲ್ಲಿದೆ ಅಂದ. ಹಸಿ ಇದ್ದಾಗ ಅದು ಬರೀ ಗಿಡ. ಸಂಜೆಯೊಳಗೆ ಎಲ್ಲ ಕಿತ್ತು ಕೊಳೆಸಿದರೆ ನಾನು ಕಂಡದ್ದು ಗಿಡ ಎಂದೇ ಬರೆಯುತ್ತೇನೆ ಅಂದ.

ಶಿಗ್ಗಾಂವಿಯ ದೊಡ್ಡ ಮನುಷ್ಯರು ಅವತ್ತು ಮಾಡಿದಷ್ಟು ಒಕ್ಕಲುತನವನ್ನು ಹಿಂದೆ ಮಾಡಿರಲಿಲ್ಲ, ಮುಂದೆಯೂ ಮಾಡಲಿಲ್ಲ. ಮಾಮಲೇದಾರರು ಧೋತರದ ಕಚ್ಚೆ ಬಿಗಿದು ಸ್ವತಃ ಕಿತ್ತರು. ಮೂರು ಬಂಡಿ ಗಿಡ ಗೋಣೆಪ್ಪನ ತಿಪ್ಪೆಗುಂಡಿ ಸೇರಿತು. ಸಾಹೇಬ ನಿಂತು ನೋಡಿ, ಸಗಣಿ ಮುಚ್ಚಿಸಿ ಹೊರಟ. ಕಾಯಿದೆಯ ಪ್ರಕಾರ ಅವತ್ತು ಇಡೀ ತಾಲೂಕಿನಲ್ಲಿ ಕಳ್ಳ ತಂಬಾಕು ಇದ್ದದ್ದು ಒಂದೇ ಮನೆಯಲ್ಲಿ. ಕಳೆ ತೆಗೆಯುತ್ತ ಒಯ್ದ ಎಲೆ ಹುಚ್ಚವ್ವನ ಜಂತಿಯ ಮೇಲೆ ಒಣಗಿ, ಬೆಲ್ಲದ ನೀರು ಚಿಮುಕಿಸಿಕೊಂಡು, ಹದವಾಗಿ ಕೂತಿತ್ತು. ಮೊದಲೇ ಯಾಕೆ ಹೇಳಲಿಲ್ಲ ಎಂದು ತಿಪ್ಪವ್ವ ಕೇಳಿದ್ದಕ್ಕೆ ಮುದುಕಿ, ನಿನ್ನ ಗಂಡ ಅಷ್ಟು ಅಕ್ಕರೆಯಿಂದ ಬದನಿ ಅಂದಾಗ ಅಲ್ಲ ಅನ್ನಲು ಮನಸ್ಸು ಬರಲಿಲ್ಲ ಅಂದಳು.

ರುಮಾಲಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಆದರೆ ಜಿಲ್ಲೆಗೆ ಎರಡು ಬುಟ್ಟಿ ಕಳಿಸಲೇಬೇಕಾಗಿತ್ತು. ದಸರೆಗೆ ಬಂಕಾಪುರದಿಂದ ಉಸ್ಮಾನಸಾಬನ ಮಾವನ ಬದನೆಕಾಯಿ ಬಂಡಿ ಬಂತು. ನಲವತ್ತೆರಡು ಮನೆಗೂ ಎಣಗಾಯಿಗೆ ಸಾಕಾಗುವಷ್ಟು ಹಂಚಿ, ಒಳ್ಳೊಳ್ಳೆಯ ಎರಡು ಬುಟ್ಟಿಗೆ ಮಾಮಲೇದಾರರು ಮೊಹರು ಹಾಕಿ ಜಿಲ್ಲೆಗೆ ಕಳಿಸಿದರು. ಮುಳ್ಳಿನ ಬಗ್ಗೆ ಯಾರೂ ಕೇಳಲಿಲ್ಲ.

ಮರುವರ್ಷ ರೋಹಿಣಿಗೆ ಮುಂಚೆ ಕಚೇರಿಯ ಸಿಪಾಯಿ ಹಿರೇಬೆಂಡಿಗೇರಿಗೆ ಬಂದು ಅರಗಿನ ಮೊಹರಿನ ಪಾಕೀಟೊಂದನ್ನು ಕೊಟ್ಟ. ಸರಕಾರದ ಕಡೆಯಿಂದ ಬಂದ ಸುಧಾರಿಸಿದ ಬದನೆಯ ಬೀಜ, ಅಗಿ ಮಾಡಿ ಜನಕ್ಕೆ ಕೊಡಬೇಕೆಂದು ಸಾಹೇಬರ ಅಪ್ಪಣೆ. ತಿಪ್ಪವ್ವ ಅದನ್ನು ಅಂಗೈಯಲ್ಲಿ ಸುರುವಿಕೊಂಡು ಬಿಸಿಲಿಗೆ ಹಿಡಿದಳು. ಅವಳ ಅವ್ವ ಅವಳ ಮದುವೆಯಲ್ಲಿ ಸೆರಗಿಗೆ ಕಟ್ಟಿ ಕಳಿಸಿದ್ದ, ಇಪ್ಪತ್ತು ವರ್ಷ ತಾನು ಆಯ್ದು ಇಟ್ಟ ಬೀಜವನ್ನು ಅವಳು ಗುರುತಿಸದೆ ಇರುತ್ತಾಳೆಯೆ. ಬಂಕಾಪುರ ಸುತ್ತಿ, ಜಿಲ್ಲೆ ನೋಡಿ, ಮೊಹರು ಹಾಕಿಸಿಕೊಂಡು ಮನೆಗೆ ಬಂದಿತ್ತು. ಅವಳು ನಕ್ಕಳು, ಗಂಡನಿಗೆ ಹೇಳಲಿಲ್ಲ. ದಸರೆಯ ಬಂಡಿಯ ಹಣ್ಣಿನಿಂದ ತೆಗೆದಿಟ್ಟಿದ್ದ ಮನೆಯ ಬೀಜವನ್ನೂ ಅದನ್ನೂ ಒಂದೇ ಮಡಿಗೆ ಚೆಲ್ಲಿದಳು.

ಸಂತೆಯಲ್ಲಿ ಈಗ ಅವಳೇ ಕೂತಳು. ಸರಕಾರಿ ಬೇಕೆಂದವರಿಗೆ ಸರಕಾರಿ ಎಂದು ಕೊಟ್ಟಳು, ಮನೆಯದು ಬೇಕೆಂದವರಿಗೆ ಮನೆಯದು ಎಂದು ಕೊಟ್ಟಳು. ಚನ್ನವೀರಪ್ಪ ಮಾಸ್ತರರು ಶಾಲೆಗೆ ಸರಕಾರಿಯದನ್ನೂ, ಒಂದು ಸಲ ಮೋಸಹೋದ ಮೇಲೆ ಎಚ್ಚರವಿರಲಿ ಎಂದು ತಮ್ಮ ಮನೆಗೆ ಮನೆಯದನ್ನೂ ಒಯ್ದರು. ಎರಡೂ ಚೆನ್ನಾಗಿ ಕಾಯಿ ಬಿಟ್ಟವು. ದೀಪಾವಳಿ ಹೊತ್ತಿಗೆ ಅವರು ತೋಟಕ್ಕೆ ಬಂದು, ತಮ್ಮ ಮನೆಯಾಕೆ ಎರಡನ್ನೂ ಬೇರೆ ಬೇರೆ ಪಲ್ಲೆ ಮಾಡಿ ನೋಡಿದಳು, ಸರಕಾರಿಯದು ಯಾಕೋ ಸ್ವಲ್ಪ ಸಪ್ಪೆ ಎಂದು ಹೇಳಿದರು.

ಗೋಣೆಪ್ಪ ಅದು ಹಾಗೆಯೇ ಆಗಬೇಕು ಅಂದ. ಪುಣೆಯ ನೀರಿಗೂ ನಮ್ಮ ಹಳ್ಳದ ನೀರಿಗೂ ಇರುವ ವ್ಯತ್ಯಾಸವನ್ನು ವಿವರಿಸಲು ಆರಂಭ ಮಾಡಿದ. ತಿಪ್ಪವ್ವ ಉಳ್ಳಾಗಡ್ಡಿ ಮಡಿಯಿಂದ ತಲೆ ಎತ್ತದೆಯೇ ಅವನ ಕೈಗೆ ಕೊಡ ಕೊಟ್ಟು ಭಾವಿಗೆ ಕಳಿಸಿದಳು.